ನೀರು ಸೋಸುವ ಅರಿವೆ

ಎ.ಸಿ. ರಿಪೇರಿಯ ಶಿವಪುತ್ರ ಹನ್ನೊಂದು ಗಂಟೆಗೆ ಬರುತ್ತೇನೆಂದು ಹೇಳಿದ್ದ. ಒಂಬತ್ತರಿಂದ ಹನ್ನೊಂದರೊಳಗೆ ಅಭಿನಂದನ ಮೂರು ಸಲ ಹಿತ್ತಲಿಗೆ ಬಂದು, ಅಪ್ಪ ಮಲಗಿದ್ದ ಕೋಣೆಯ ಕಿಟಕಿಯ ಪಕ್ಕ ಕಬ್ಬಿಣದ ಪಟ್ಟಿಗಳ ಮೇಲೆ ಕೂರಿಸಿದ್ದ ಹೊರಗಿನ ಪೆಟ್ಟಿಗೆಯನ್ನು ನೋಡಿ, ಏನೂ ಮಾಡದೆ ಒಳಗೆ ಹೋದ. ಮುಂದಿನಿಂದ ನೋಡಿದರೆ ಪೆಟ್ಟಿಗೆಯಲ್ಲಿ ಏನೂ ದೋಷ ಕಾಣುತ್ತಿರಲಿಲ್ಲ. ಗೋಡೆಯ ಕಡೆ ಬಾಗಿ ಇಣುಕಿದರೆ ಮಾತ್ರ, ಗೋಡೆಗೂ ಪೆಟ್ಟಿಗೆಗೂ ನಡುವಿನ ಗೇಣು ಜಾಗದಲ್ಲಿ, ಅದರ ಬೆನ್ನಿಗೆ ಬಿಗಿಯಾಗಿ ಕಟ್ಟಿದ ಅರಿವೆ ಕಾಣುತ್ತಿತ್ತು. ಹತ್ತು ತಿಂಗಳ ಹಿಂದೆ ಕಟ್ಟುವಾಗ ಅದು ಬಿಳಿಯದಾಗಿತ್ತು. ಈಗ ಅದಕ್ಕೊಂದು ಬಣ್ಣ ಹೇಳುವುದು ಕಷ್ಟ. ನಾಲ್ಕು ಗಂಟು. ಸ್ಟೂಲಿನ ಮೇಲೆ ಹತ್ತಿದರೆ ಎರಡು ನಿಮಿಷದ ಕೆಲಸ. ಎ.ಸಿ. ಹತ್ತು ನಿಮಿಷ ನಡೆದು ನಿಂತುಬಿಡುವುದಕ್ಕೆ ಈ ಅರಿವೆಯೇ ಕಾರಣ ಎಂದು ಅವನಿಗೆ ಮೊನ್ನೆ ಮೊದಲ ಸಲ ನಿಂತಾಗಲೇ ಗೊತ್ತಾಗಿತ್ತು. ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನು ಅವನು. ಆದರೂ ತಾನೇ ಬಿಚ್ಚದೆ ಗೋಕಾಕ ಫಾಲ್ಸಿನಿಂದ ಒಬ್ಬನನ್ನು ಕರೆಸಿದ್ದ. ಯಾಕೆ ಕರೆಸಿದೆ ಎಂದು ಹೆಂಡತಿ ತ್ರಿಶಲಾ ಕೇಳಿದ್ದರೆ, ಪೆಟ್ಟಿಗೆಯನ್ನು ಒಮ್ಮೆ ತೊಳೆಸಲೇಬೇಕಿತ್ತು ಎನ್ನುತ್ತಿದ್ದ. ಅದು ಸುಳ್ಳೂ ಅಲ್ಲ. ಆದರೆ ನಿಜವಾಗಿ ಅವನಿಗೆ ಬೇಕಾಗಿದ್ದದ್ದು ಇನ್ನೊಬ್ಬರ ಕೈ. ಗಂಟು ಕಟ್ಟಿದ್ದು ಅಪ್ಪನ ಮಾತಿನಂತೆ. ಬಿಚ್ಚಿದ್ದು ತನ್ನ ಕೈ ಆಗಬಾರದು. ಅವಳು ಕೇಳಲಿಲ್ಲ.

ಕಳೆದ ಜೂನಿನಲ್ಲಿ, ಮೊದಲ ಮಳೆ ಬಿದ್ದ ಮರುದಿನ, ಅಪ್ಪ ಇದೇ ಹಿತ್ತಲಿನಲ್ಲಿ ಕೋಲೂರಿ ನಿಂತಿದ್ದರು. ಹಿಂದಿನ ಸಂಜೆ ಎದ್ದ ಮಳೆಹುಳಗಳು ಕಿಟಕಿಯ ಬೆಳಕಿಗೆ ಬಂದು, ಪೆಟ್ಟಿಗೆ ಎಳೆದುಕೊಳ್ಳುವ ಗಾಳಿಯ ಜೊತೆ ಅದರ ಬೆನ್ನಿಗೆ ಅಂಟಿ, ಕೆಲವು ಒಳಗೆ ಹೋಗಿ ಫ್ಯಾನಿಗೆ ಸಿಕ್ಕಿದ್ದವು. ನೆಲದ ಮೇಲೆ ಬರೀ ರೆಕ್ಕೆಗಳು ಒಂದು ಮೊರದಷ್ಟು ಬಿದ್ದಿದ್ದವು. ಜೈನ ನೇಮದ ಅಪ್ಪ, ಪಾಯಪ್ಪ, ಎಪ್ಪತ್ತೆಂಟು ವರ್ಷದಲ್ಲಿ ಸೋಸದ ನೀರು ಕುಡಿದವರಲ್ಲ, ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನನ್ನೂ ಹಾಕಿದವರಲ್ಲ. ಸೋಸಿದ ಅರಿವೆಯಲ್ಲಿ ಉಳಿದ ಹುಳುಗಳನ್ನು ಚೆಲ್ಲದೆ ಅದೇ ಬಾವಿಗೆ ಇಳಿಸಿ ಬರುತ್ತಿದ್ದವರು. ಬಾವಿ ಬತ್ತಿ ನಳ ಬಂದ ಮೇಲೂ ಅರಿವೆ ಬಿಡಲಿಲ್ಲ. ಅವರು ಸಿಟ್ಟು ಮಾಡಲಿಲ್ಲ. ತಮ್ಮ ಕೋಣೆಯ ತಂಪಿಗೆ ಇಷ್ಟು ಜೀವ ಹೋಗುವುದಾದರೆ ತಮಗೆ ಆ ತಂಪು ಬೇಡ, ಒಂದೋ ಅದಕ್ಕೆ ಅರಿವೆ ಕಟ್ಟು, ಇಲ್ಲ ಕಿತ್ತುಬಿಡು ಎಂದರು. ಆ ಪೆಟ್ಟಿಗೆ ಒಳಗಿನ ಸೆಕೆಯನ್ನು ಹೊರಗೆ ಹಾಕುವುದು, ಬೆನ್ನಿನಿಂದ ಗಾಳಿ ಎಳೆದುಕೊಂಡು ಮುಂದಿನಿಂದ ಬಿಡುವುದು, ಬೆನ್ನು ಕಟ್ಟಿದರೆ ಅದಕ್ಕೇ ಸೆಕೆಯಾಗುತ್ತದೆ ಎಂದು ಅಭಿನಂದನ ಹೇಳಬಹುದಿತ್ತು. ಆದರೆ ಮಳೆಗಾಲ ಮುಗಿದ ಮೇಲೆ ಬಿಚ್ಚಿದರಾಯಿತು ಎಂದುಕೊಂಡ. ಅಡುಗೆಮನೆಯಿಂದ ಅಪ್ಪನೇ ನೀರು ಸೋಸುವ ಅರಿವೆಯೊಂದನ್ನು ತಂದುಕೊಟ್ಟರು. ತೀರಿಹೋದ ಅವ್ವ, ಕಮಲವ್ವ, ತನ್ನ ಸೀರೆಯೊಂದನ್ನು ಎರಡು ಪದರು ಮಾಡಿ ಅಂಚು ಹೊಲಿದ ಅರಿವೆ. ಅಭಿನಂದನ ಸ್ಟೂಲು ಹತ್ತಿ ಕಟ್ಟಿದ. ಅಲುಗಾಡುವ ಸ್ಟೂಲನ್ನು ಹಿಡಿದು ನಿಂತವಳು ಉದ್ದವ್ವ, ಅವರ ಮನೆಯಲ್ಲಿ ಹದಿನಾರು ವರ್ಷದಿಂದ ಭಾಂಡೆ ತಿಕ್ಕಿ, ನೆಲ ಒರೆಸುವವಳು. ಮಳೆಗಾಲ ಮುಗಿಯಿತು. ತಂಪಿನ ದಿನಗಳಲ್ಲಿ ಎ.ಸಿ. ಯಾರಿಗೂ ನೆನಪಾಗಲಿಲ್ಲ. ಸುತ್ತಲಿನ ಹೊಲಗಳಲ್ಲಿ ಕಬ್ಬು ಕಡಿದಾಗಿ, ಉಳಿದ ಒಣ ಗರಿಗೆ, ರವದಿಗೆ, ಬೆಂಕಿ ಹಚ್ಚಿದಾಗಲೆಲ್ಲ ಕರಿ ಹಾರಿ ಬಂದು ಒಣಹಾಕಿದ ಬಟ್ಟೆಗಳ ಮೇಲೆ ಕೂರುತ್ತಿತ್ತು. ಆ ಬಟ್ಟೆಗಳನ್ನು ಉದ್ದವ್ವ ಮತ್ತೆ ಒಗೆಯುತ್ತಿದ್ದಳು. ಪೆಟ್ಟಿಗೆಯ ಬೆನ್ನಿನ ಅರಿವೆಯನ್ನು ಒಗೆಯಲು ಯಾರಿಗೂ ಹೊಳೆಯಲಿಲ್ಲ.

ಜನವರಿಯಲ್ಲಿ ಅಪ್ಪನಿಗೆ ಲಕ್ವಾ ಹೊಡೆಯಿತು. ಬಲಗಡೆ ಬಿದ್ದುಹೋಯಿತು, ಮಾತು ಹೋಯಿತು. ತಿಳಿವಳಿಕೆ ಹೋಗಿಲ್ಲ ಎಂದು ಗೋಕಾಕದ ಡಾಕ್ಟರು ಹೇಳಿದ್ದರು. ಅದನ್ನು ಅವರು ಸಮಾಧಾನವೆಂದು ಹೇಳಿದಂತಿತ್ತು. ದವಾಖಾನೆಯ ಮೊದಲ ರಾತ್ರಿ ನರ್ಸು ಚಮಚೆಯಿಂದ ನೀರು ಬಿಟ್ಟಾಗ ಅಪ್ಪ ಅದನ್ನು ಹೊರಗೆ ಉಗುಳಿ, ಗೋಡೆಯ ಗಡಿಯಾರದ ಕಡೆ ಎಡಗೈ ತೋರಿಸಿದ್ದರು. ಆಮೇಲೆ ಯಾರೂ ಹೊತ್ತು ಮುಳುಗಿದ ಮೇಲೆ ನೀರು ಕೊಡಲು ಹೋಗಲಿಲ್ಲ. ಮನೆಗೆ ಬಂದಮೇಲೆ ನೀರು ಕುಡಿಸುವ ಕೆಲಸ ಮಗ ಸೊಸೆಯದು, ಮೈ ಒರೆಸಿ ಮಗ್ಗುಲು ಬದಲಿಸುವುದು ಉದ್ದವ್ವನದು. ಆಕೆಯ ಕೈಯಿಂದ ಅಪ್ಪ ಎಲ್ಲ ಮಾಡಿಸಿಕೊಳ್ಳುತ್ತಿದ್ದರು, ನೀರೊಂದನ್ನು ಬಿಟ್ಟು. ಅದು ಆ ಮನೆಯ ಹಳೆಯ ಪದ್ಧತಿ, ಅದರ ಬಗ್ಗೆ ಯಾರೂ ಎಂದೂ ಮಾತಾಡಿರಲಿಲ್ಲ. ಎಪ್ರಿಲ್ ಎರಡನೇ ವಾರಕ್ಕೆ ಅವರ ಊರು ಕೊಣ್ಣೂರಿನ ಬಿಸಿಲು ನಲವತ್ತಕ್ಕೆ ಹೋಯಿತು, ಅಪ್ಪನಿಗೆ ಜ್ವರ ನೂರೊಂದಕ್ಕೆ ಬಂತು, ಎ.ಸಿ. ನಿಂತಿತು. ಕೋಣೆ ತಂಪಾಗಿರಬೇಕು, ಹಗಲಲ್ಲಿ ತಾಸಿಗೊಮ್ಮೆ ನೀರು ಹೋಗಬೇಕು, ಇಲ್ಲದಿದ್ದರೆ ಮತ್ತೆ ತಂದು ಸಲಾಯಿನ್ ಹಚ್ಚಬೇಕಾಗುತ್ತದೆ ಎಂದು ಡಾಕ್ಟರು ಫೋನಿನಲ್ಲಿ ಹೇಳಿದರು. ದವಾಖಾನೆ ಎಂಬ ಮಾತು ಕಿವಿಗೆ ಬಿದ್ದೊಡನೆ ಅಪ್ಪನ ಒಂದು ಕಣ್ಣಿನಿಂದ ನೀರು ಇಳಿಯಿತು. ಅದು ಅಳುವೋ, ಆ ಕಣ್ಣಿಗೆ ಬಂದ ಸೋರಿಕೆಯೋ, ಅಭಿನಂದನನಿಗೆ ಇನ್ನೂ ತಿಳಿದಿರಲಿಲ್ಲ.

ಶಿವಪುತ್ರ ಹನ್ನೊಂದೂವರೆಗೆ ಬಂದ. ಬೈಕಿನ ಹಿಂದೆ ಸಣ್ಣ ಪಂಪು, ಪೈಪಿನ ಸುರುಳಿ, ಉಪಕರಣಗಳ ಚೀಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ನಮಸ್ಕಾರ ಸರ್ ಎಂದ ರೀತಿಯಲ್ಲೇ ತನ್ನ ಹಳೆಯ ವಿದ್ಯಾರ್ಥಿ ಎಂದು ಅಭಿನಂದನನಿಗೆ ಗೊತ್ತಾಯಿತು. ಯಾವ ವರ್ಷದವನು ಎಂದು ಗೊತ್ತಾಗಲಿಲ್ಲ. ಶಿವಪುತ್ರನೇ ನೆನಪು ಮಾಡಿಕೊಟ್ಟ. ಒಂಬತ್ತನೇ ‘ಬಿ’ ವರ್ಗ, ಕಿಟಕಿಯ ಬಾಜೂ ಕೂಡುತ್ತಿದ್ದವನು, ಅವನಪ್ಪ ಫಾಲ್ಸಿನ ಗಿರಣಿಯಲ್ಲಿದ್ದ. ಆಗ ಅಭಿನಂದನನಿಗೆ ಹುಡುಗನ ಬದಲು ತನ್ನದೇ ಒಂದು ಮಾತು ನೆನಪಾಯಿತು. ಉಷ್ಣದ ಪಾಠದ ದಿನ ಈ ಹುಡುಗನನ್ನು ಎಬ್ಬಿಸಿ ನಿಲ್ಲಿಸಿ, ನಿನ್ನ ತಲೆಯಲ್ಲಿ ಗಾಳಿ ಆಡುವುದಿಲ್ಲ ಎಂದಿದ್ದ, ವರ್ಗವೆಲ್ಲ ನಕ್ಕಿತ್ತು. ಅವನಿಗೆ ನೆನಪಿದೆಯೇ? ಶಿವಪುತ್ರನ ಮುಖದಲ್ಲಿ ಅಂಥದ್ದೇನೂ ಇರಲಿಲ್ಲ. ಅವನು ಕೋಣೆಗೆ ಹೋಗಿ, ಹಾಸಿಗೆಯ ಮೇಲಿನ ಪಾಯಪ್ಪನಿಗೆ ಕೈ ಮುಗಿದು, ಎ.ಸಿ. ಹಚ್ಚಿ ನೋಡಿ, ಅದರ ಮೇನ್ ಸ್ವಿಚ್ಚನ್ನು ಇಳಿಸಿ ಹಿತ್ತಲಿಗೆ ನಡೆದ. ಕಿಟಕಿ ತೆರೆದಿತ್ತು. ಕಿಟಕಿಯಿಂದ ಮೂರು ಹೆಜ್ಜೆ ದೂರದ ನಳದ ಕೆಳಗೆ ಉದ್ದವ್ವ ಭಾಂಡೆ ತಿಕ್ಕುತ್ತಿದ್ದಳು. ಅಭಿನಂದನ ನಡುವೆ ನಿಂತ, ಯಾವ ಕಡೆ ನೋಡಬೇಕೆಂದು ತಿಳಿಯದೆ ಪಂಪಿನ ಕಡೆ ನೋಡುತ್ತ. ಈಗ ನಾನೇ ಹೇಳಿಬಿಡಬೇಕು, ಅವನು ಕೇಳುವ ಮೊದಲೇ ಹೇಳಿದರೆ ಇದು ಒಂದು ಕತೆಯಾಗುತ್ತದೆ, ನಗುತ್ತ ಹೇಳಬಹುದು, ನಮ್ಮ ಅಪ್ಪನವರು ಹೀಗೆ ಎಂದು, ಅಂದುಕೊಂಡ. ಅಷ್ಟರಲ್ಲಿ ಶಿವಪುತ್ರ ಸ್ಟೂಲು ಹತ್ತಿ ಪೆಟ್ಟಿಗೆಯ ಹಿಂದೆ ಕೈ ಇಳಿಸಿದ್ದ.

“ಸರ್, ಇದಕ್ಕ ಉಸರಾಡಾಕ ಜಾಗಾನ ಇಲ್ಲಲ್ರಿ. ಯಾರ ಕಟ್ಯಾರ್ರಿ ಇದನ್ನ?”

ಅವನು ಬೈಯುವ ದನಿಯಲ್ಲಿ ಕೇಳಿರಲಿಲ್ಲ. ಖರೆ ಹೇಳಬೇಕೆಂದರೆ ಅವನ ದನಿಯಲ್ಲಿ ಕುತೂಹಲ ಬಿಟ್ಟರೆ ಬೇರೇನೂ ಇರಲಿಲ್ಲ. ಆದರೆ ಅಭಿನಂದನನಿಗೆ ಕೇಳಿಸಿದ್ದು ಒಂಬತ್ತನೇ ‘ಬಿ’ ವರ್ಗದ ನಗು. ಸ್ಟೂಲಿನ ಮೇಲಿದ್ದವನು ತನಗಿಂತ ಎರಡು ಅಡಿ ಎತ್ತರದಲ್ಲಿ ನಿಂತು ಕೆಳಗೆ ನೋಡುತ್ತಿದ್ದಾನೆ, ಉತ್ತರಕ್ಕೆ ಕಾಯುತ್ತಿದ್ದಾನೆ.

“ಗೊತ್ತಿಲ್ಲಪಾ,” ಎಂದ ಅಭಿನಂದನ. “ಕೆಲಸದಾಕಿ ಏನರ ಕಟ್ಟಿರಬೇಕು.”

ಹೇಳಿ ಮುಗಿಸುವ ಮೊದಲೇ ಅವನಿಗೆ ನೆನಪಾಯಿತು, ಕೆಲಸದಾಕೆ ಮೂರು ಹೆಜ್ಜೆ ದೂರದಲ್ಲಿದ್ದಾಳೆ, ಅಪ್ಪ ಕಿಟಕಿಯ ಆಚೆ. ನೆನಪಾಯಿತು ಎನ್ನುವುದೂ ಸರಿಯಲ್ಲ. ಅದು ಅವನಿಗೆ ಎಲ್ಲ ಹೊತ್ತೂ ಗೊತ್ತಿತ್ತು. ಶಿವಪುತ್ರ ನಕ್ಕು ನಳದ ಕಡೆ ತಿರುಗಿದ.

“ಏನ್ಬೇ ಯಮ್ಮಾ, ಮಶಿನ್‌ಗೆ ಕುಂಚಿಗಿ ಕಟ್ಟೀಯಲ್ಲ. ತಂಡಿ ಹತ್ತತೈತೇನು ಅದಕ್ಕ?”

ಉದ್ದವ್ವ ತಲೆ ಎತ್ತಿದಳು. ಕೂಸುಗಳ ತಲೆಗೆ ಕಟ್ಟುವ ಕುಂಚಿಗೆಯ ಮಾತಿಗೆ ಅವಳಿಗೂ ಅರ್ಧ ನಗು ಬಂದಿತ್ತು. ಅಭಿನಂದನನನ್ನು ಒಮ್ಮೆ ನೋಡಿದಳು, ಹೆಚ್ಚು ಹೊತ್ತಲ್ಲ, ಅಂಗಡಿಗೆ ಹೋಗುವ ಮೊದಲು ಏನು ತರಬೇಕು ಎಂದು ಕೇಳುವಾಗ ನೋಡುವಷ್ಟು.

“ಹೂಂನಪಾ, ನಾನ ಕಟ್ಟೇನಿ,” ಎಂದಳು. “ಸಾಲಿ ಕಲ್ತಾಕಿ ಅಲ್ಲ ನಾ. ನನಗೇನ ತಿಳೀಬೇಕು.”

ಮತ್ತೆ ಬೂದಿಯಲ್ಲಿ ಕೈ ಅದ್ದಿ ಪಾತೇಲಿ ತಿಕ್ಕಲು ಹತ್ತಿದಳು. ಆಗ ಕಿಟಕಿಯೊಳಗಿನಿಂದ ಒಂದು ಶಬ್ದ ಬಂತು. ಜನವರಿಯಿಂದ ಅಪ್ಪ ಮಾಡುತ್ತಿದ್ದ ಶಬ್ದಗಳೆಲ್ಲ ಮನೆಯವರಿಗೆ ಪರಿಚಿತ. ಮಗ್ಗುಲು ಬದಲಿಸುವುದಕ್ಕೆ ಒಂದು, ಮೂತ್ರದ ಪಾತ್ರೆ ಇಡುವುದಕ್ಕೆ ಒಂದು, ನೊಣಕ್ಕೆ ಒಂದು. ಇದು ಅವುಗಳಲ್ಲಿ ಯಾವುದೂ ಅಲ್ಲ. ಅಡುಗೆಮನೆಯಿಂದ ತ್ರಿಶಲಾ ಓಡಿ ಹೋದದ್ದು ಕಾಲ ಸಪ್ಪಳದಿಂದ ತಿಳಿಯಿತು. ಅಭಿನಂದನ ಹೋಗಲಿಲ್ಲ. ಪೈಪು ನಳಕ್ಕೆ ಸರಿಯಾಗಿ ಕೂತಿದೆಯೇ ಎಂದು ಬಗ್ಗಿ ನೋಡಿದ. ಸರಿಯಾಗಿಯೇ ಕೂತಿತ್ತು.

ಶಿವಪುತ್ರ ಗಂಟುಗಳನ್ನು ಬಿಚ್ಚಲು ನೋಡಿ, ಆಗದೆ, ಕತ್ತರಿಸಿದ. ಅರಿವೆ ಒಂದು ಚರ್ಮದಂತೆ ಎದ್ದು ಬಂತು. ಅದರ ಹೊರಮೈ ತುಂಬ ರವದಿಯ ಕರಿ, ಧೂಳು, ಮಳೆಗೆ ನೆನೆದು ಒಣಗಿ ನೆನೆದು ಗಟ್ಟಿಯಾದ ಪದರು. ಅಭಿನಂದನ ನೋಡಬಾರದೆಂದುಕೊಂಡರೂ ನೋಡಿದ್ದು ಒಳಮೈಯನ್ನು. ಅರಿವೆಗೂ ಪೆಟ್ಟಿಗೆಯ ತಗಡಿನ ಎಲೆಗಳಿಗೂ ನಡುವೆ, ಬದಿಯ ಸಂದಿನಿಂದ ಹೇಗೋ ಒಳಗೆ ಬಂದು ಹೊರಗೆ ಹೋಗುವ ದಾರಿ ಸಿಗದ ಹುಳಗಳು ಇದ್ದವು. ಮಳೆಹುಳದ ರೆಕ್ಕೆಗಳು, ನುಸಿ, ಕಣಜ, ಒಣಗಿ ಹಗುರಾದ ಎರಡು ಪಾತರಗಿತ್ತಿ, ಗೂಡು ಕಟ್ಟಲು ಹೋಗಿ ನಿಂತಂತೆ ಕಾಣುವ ಜೇಡ. ಎಣಿಸಲಾಗದಷ್ಟು. ಆ ಜೂನಿನ ಒಂದು ಸಂಜೆ ಫ್ಯಾನಿಗೆ ಸಿಕ್ಕಿದ್ದಕ್ಕಿಂತ ಇವು ಕಡಿಮೆ ಇರಲಿಲ್ಲ. ವ್ಯತ್ಯಾಸವೆಂದರೆ ಅವು ಒಂದು ಕ್ಷಣದಲ್ಲಿ ಹೋಗಿದ್ದವು, ಇವು ನಿಧಾನವಾಗಿ. ಇದನ್ನು ಅಪ್ಪನಿಗೆ ಹೇಳಬೇಕೇ? ಹೇಳಿದರೆ ಯಾವ ಮುಖದಲ್ಲಿ? ಒಂದು ಜೇಡ ಮಾತ್ರ ಜೀವಂತವಿತ್ತು, ಹೊಟ್ಟೆಯ ಕೆಳಗೆ ಬಿಳಿಯ ತತ್ತಿಚೀಲ ಹಿಡಿದುಕೊಂಡು. ಅಭಿನಂದನ ಕಾಗದದ ಚೂರೊಂದನ್ನು ಅದರ ಮುಂದೆ ಹಿಡಿದ. ಅದು ಹತ್ತಲಿಲ್ಲ, ಹಿಂದೆ ಸರಿಯಿತು, ಮತ್ತೆ ಹಿಡಿದ, ಮತ್ತೆ ಸರಿಯಿತು. ಪೈಪು ಹಿಡಿದು ನಿಂತ ಶಿವಪುತ್ರ ತಾಳ್ಮೆಯಿಂದ ಕಾದ. ಹಳೆಯ ಮಾಸ್ತರರು ಒಂದು ಜೇಡಕ್ಕಾಗಿ ಇಷ್ಟು ಹೊತ್ತು ಬಗ್ಗಿ ನಿಂತದ್ದನ್ನು ಕಂಡು ಅವನ ಕಣ್ಣಲ್ಲಿ ಗೌರವದಂಥದ್ದೇನೋ ಮೂಡಿತು. ಅದನ್ನು ಕಂಡು ಅಭಿನಂದನನ ಕಿವಿ ಬಿಸಿಯಾದವು. ಜೇಡ ಕೊನೆಗೆ ತಾನೇ ಗೋಡೆಗೆ ಹಾರಿ ಬಿರುಕೊಂದರಲ್ಲಿ ಮರೆಯಾಯಿತು.

ತೊಳೆಯುವ ಕೆಲಸ ಮುಕ್ಕಾಲು ತಾಸು ನಡೆಯಿತು. ಶಿವಪುತ್ರ ಮೇಲಿನ ಮುಚ್ಚಳ ತೆಗೆದು, ತಂತಿಗಳಿದ್ದ ಕಡೆಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಮೊದಲು ಒಣ ಬ್ರಶ್ಶಿನಿಂದ ಮೇಲಿಂದ ಕೆಳಗೆ ಎಳೆದ. ಆಮೇಲೆ ಪಂಪಿನ ಜೋರು ಕಡಿಮೆ ಮಾಡಿ, ಒಳಗಿನಿಂದ ಹೊರಕ್ಕೆ, ನೇರವಾಗಿ ನೀರು ಬಿಟ್ಟ. ಅಡ್ಡ ಹಿಡಿದರೆ ತಗಡಿನ ಎಲೆಗಳು ಮಡಚಿಕೊಳ್ಳುತ್ತವೆ, ಆಮೇಲೆ ಗಾಳಿ ಹೋಗುವುದಿಲ್ಲ ಎಂದು ವಿವರಿಸಿದ. ಮಡಚಿದ್ದ ಕೆಲವನ್ನು ಬಾಚಣಿಗೆಯಂಥ ಸಾಧನದಿಂದ ಒಂದೊಂದಾಗಿ ನೆಟ್ಟಗೆ ಮಾಡಿದ. ಅವನು ಚೆನ್ನಾಗಿ ವಿವರಿಸುತ್ತಿದ್ದ, ಕೇಳುವವನಿಗೆ ಗೊತ್ತಿಲ್ಲ ಎಂಬುದು ನೋಯದ ಹಾಗೆ. ತಾನು ಹೀಗೆ ಕಲಿಸಿದ್ದು ಯಾವಾಗ ಎಂದು ಅಭಿನಂದನ ನೆನಪಿಸಿಕೊಳ್ಳಲು ನೋಡಿದ. ಪೆಟ್ಟಿಗೆಯಿಂದ ಕರಿ ನೀರು ಇಳಿದು, ರೆಕ್ಕೆಗಳನ್ನು ತೇಲಿಸಿಕೊಂಡು, ಉದ್ದವ್ವ ಈಗಷ್ಟೇ ತೊಳೆದು ಬೋರಲು ಹಾಕಿದ ಪಾತ್ರೆಗಳ ಕೆಳಗೆ ಹರಿಯಿತು. ಅವಳು ಎಲ್ಲವನ್ನೂ ಮತ್ತೆ ನಳದ ಕೆಳಗೆ ಎಳೆದುಕೊಂಡಳು. ಹೋಗುವಾಗ ಶಿವಪುತ್ರ, ಇನ್ನು ಮೇಲೆ ವರ್ಷಕ್ಕೆರಡು ಸಲ ತೊಳೆಸಿರಿ, ಅರಿವೆ ಮಾತ್ರ ಕಟ್ಟಗೊಡಬೇಡಿರಿ ಎಂದು ಹೇಳಿ, ನಳದ ಕಡೆ ನೋಡಿ ಇನ್ನೊಮ್ಮೆ ನಕ್ಕ. ಉದ್ದವ್ವನೂ ನಕ್ಕಳು. ನಗದೆ ಇದ್ದವನು ಅಭಿನಂದನ ಒಬ್ಬನೇ.

ಒಂದು ಗಂಟೆಗೆ ಕೋಣೆ ತಣ್ಣಗಾಯಿತು. ಕಿಟಕಿ ಮುಚ್ಚಿದರು. ಅಪ್ಪನ ಹಣೆಯ ಬೆವರು ಆರಿತು. ಉದ್ದವ್ವ ಅಪ್ಪನ ಮೈ ಒರೆಸಿ, ಮಗ್ಗುಲು ಬದಲಿಸಿ, ಹಾಸಿಗೆಯ ಅರಿವೆ ಬದಲಿಸಿ, ಮೂರು ಗಂಟೆಗೆ ಮಗಳ ಮನೆಗೆಂದು ನಿಡಸೋಸಿಯ ಬಸ್ಸಿಗೆ ಹೊರಟಳು. ಎರಡು ದಿನ ಬಿಟ್ಟು ಬರುವವಳಿದ್ದಳು. ಬಾಗಿಲ ತನಕ ಅಭಿನಂದನ ಹಿಂದೆ ಹೋದ. ಹೇಳಬೇಕಾದ ಮಾತು ನಾಲಿಗೆಯ ಮೇಲಿತ್ತು. ಬಸ್ಸು ಎಷ್ಟಕ್ಕೆ ಎಂದು ಕೇಳಿದ. ಮೂರೂ ಇಪ್ಪತ್ತಕ್ಕೆ ಎಂದಳು. ಬಿಸಿಲು ಬಹಳ ಇದೆ ಎಂದ. ಹೌದೆಂದಳು. ಸೆರಗು ತಲೆಯ ಮೇಲೆ ಎಳೆದುಕೊಂಡು ಓಣಿಯ ತಿರುವಿನಲ್ಲಿ ಮರೆಯಾದಳು.

ನಾಲ್ಕು ಗಂಟೆಗೆ ನೀರು ಕುಡಿಸಲು ಹೋದಾಗ ಅಪ್ಪ ಬಾಯಿ ತೆರೆಯಲಿಲ್ಲ. ನಿದ್ದೆಯಿರಬೇಕು ಎಂದುಕೊಂಡ, ಆದರೆ ಕಣ್ಣು ತೆರೆದಿದ್ದವು, ತನ್ನನ್ನೇ ನೋಡುತ್ತಿದ್ದವು. ಚಮಚೆಯನ್ನು ತುಟಿಗೆ ಮುಟ್ಟಿಸಿದ. ನೆಟ್ಟಗಿದ್ದ ಎಡ ತುಟಿ ಬಿಗಿಯಿತು. ಜೋತ ಬಲ ತುಟಿಯ ಸಂದಿನಿಂದ ನೀರು ಹೊರಗೇ ಇಳಿದು ಗಲ್ಲಕ್ಕೆ ಹೋಯಿತು. ಕೋಣೆ ಇಪ್ಪತ್ತಾರಕ್ಕೆ ಬಂದಿತ್ತು. ಬೆಳಿಗ್ಗೆಯಿಂದ ಹೋದದ್ದು ಬರೀ ಎರಡು ಲೋಟ, ಅದೂ ಹನ್ನೊಂದರ ಮೊದಲು; ರಿಪೇರಿಯ ಗಡಿಬಿಡಿಯಲ್ಲಿ, ಆಮೇಲೆ ತಂಪಿಗೆ ಅವರು ಕಣ್ಣು ಮುಚ್ಚಿದ್ದರಿಂದ, ತಾಸಿನ ನೀರು ತಪ್ಪಿತ್ತು. ಐದಕ್ಕೆ ತ್ರಿಶಲಾ ಬಂದು ಕೂತು, ಮಾವಾರೆ, ನಾನು, ನಾನು ತಂದಿದ್ದೇನೆ ನೋಡಿರಿ ಎಂದು ಮಗುವಿಗೆ ಹೇಳುವಂತೆ ಹೇಳಿದಳು. ಅವಳ ಕೈಯಿಂದಲೂ ಇಲ್ಲ. ಅಡುಗೆಮನೆಯಲ್ಲಿ ಅವಳು ಹೊತ್ತು ಮುಳುಗುವ ಮೊದಲಿನ ಊಟಕ್ಕೆ ರೊಟ್ಟಿ ಬಡಿಯುತ್ತ, ಗಂಡನ ಮುಖ ನೋಡದೆ ಹೇಳಿದಳು.

“ಅವರು ಎಲ್ಲಾ ಕೇಳ್ಯಾರ್ರಿ. ನೀವಂದದ್ದೂ ಕೇಳ್ಯಾರ, ಆಕಿ ಅಂದದ್ದೂ ಕೇಳ್ಯಾರ.”

ಗೋಡೆಯ ಕ್ಯಾಲೆಂಡರಿನಲ್ಲಿ ಸೂರ್ಯಾಸ್ತ ಆರೂ ನಲವತ್ತೇಳು. ಅದಾದ ಮೇಲೆ ಮರುದಿನ ಬೆಳಗಾಗುವ ತನಕ ಹನ್ನೆರಡು ತಾಸು. ಅಷ್ಟು ಹೊತ್ತು, ಈ ಜ್ವರದಲ್ಲಿ, ನೀರಿಲ್ಲದೆ ಇರುವುದೆಂದರೆ ನಾಳೆ ಗೋಕಾಕದ ದವಾಖಾನೆ, ಕೈಗೆ ಸೂಜಿ, ಅದೇ ಗಡಿಯಾರ. ಅಭಿನಂದನ ಅಪ್ಪನ ಬಳಿ ಕೂತು, ಕಿವಿಯ ಹತ್ತಿರ ಬಾಯಿ ತಂದು, ನಾನು ಸುಳ್ಳು ಹೇಳಿದೆ ಎಂದ. ನಲವತ್ತೊಂಬತ್ತು ವರ್ಷದ ತನ್ನ ದನಿ ಹುಡುಗನದಂತೆ ಕೇಳಿಸಿತು. ಅಪ್ಪನ ಕಣ್ಣು ಕದಲಲಿಲ್ಲ. ಅಪ್ಪನಿಗೆ ಅದು ಗೊತ್ತಿರುವ ವಿಷಯ. ಗೊತ್ತಿದ್ದವರಿಗೆ ಹೇಳಿದರೆ ಏನು ಹೇಳಿದಂತಾಯಿತು? ಅಪ್ಪನ ಎಡಗೈ ಹೊದಿಕೆಯ ಮೇಲೆ ಎದ್ದು, ಗಾಳಿಯಲ್ಲಿ ಅಲುಗುತ್ತ, ಕಿಟಕಿಯ ಕಡೆ ಚಾಚಿತು. ನಳದ ಕಡೆ. ಅಲ್ಲಿ ಈಗ ಯಾರೂ ಇರಲಿಲ್ಲ. ಅಥವಾ ಕೈ ಚಾಚಿದ್ದು ನಳದ ಕಡೆಗಲ್ಲ, ಪೆಟ್ಟಿಗೆಯ ಕಡೆಗೋ, ಬಿಚ್ಚಿ ಹೋದ ಅರಿವೆಯ ಕಡೆಗೋ? ಅರಿವೆ ಬಿಚ್ಚಿದ್ದಕ್ಕೆ ಈ ಸಿಟ್ಟೇ? ಹಾಗಾದರೆ ತಾನು ಏನು ಹೇಳಿದರೂ ಅಷ್ಟೆ. ಅವನು ಎದ್ದು ಉದ್ದವ್ವನ ಮಗಳ ನಂಬರು ಹಚ್ಚಿದ. ಗಂಟೆ ಹೊಡೆದು ಹೊಡೆದು ನಿಂತಿತು. ಕಿಟಕಿಯಾಚೆ ಎದುರು ಗೋಡೆಯ ಮೇಲಿನ ಬಿಸಿಲು ಒಂದು ಇಟ್ಟಿಗೆ ಮೇಲೆ ಸರಿದಿತ್ತು. ಮತ್ತೆ ಹಚ್ಚಿದ. ಆರೂ ಇಪ್ಪತ್ತು. ಬೇರೆ ಕರೆಯಲ್ಲಿದ್ದಾರೆ. ಆರೂವರೆ. ಈ ನಡುವೆ ಅವನು ಇನ್ನೂ ಎರಡು ಸಲ ಚಮಚೆ ಹಿಡಿದ, ಎರಡು ಸಲವೂ ಹೊದಿಕೆ ತೊಯ್ದಿತು.

ಆರೂ ನಲವತ್ತೈದಕ್ಕೆ ಆ ಕಡೆಯಿಂದಲೇ ಫೋನು ಬಂತು. ಅಪ್ಪಾರಿಗೆ ಏನಾಯಿತು ಎಂದು ಉದ್ದವ್ವ ಗಾಬರಿಯಿಂದ ಕೇಳುತ್ತಿದ್ದಳು. ಹಿಂದೆ ಯಾರದೋ ಕೂಸು ಅಳುತ್ತಿತ್ತು. ಅಭಿನಂದನ ಫೋನನ್ನು ಸ್ಪೀಕರಿಗೆ ಹಾಕಿ ಅಪ್ಪನ ದಿಂಬಿನ ಮೇಲೆ ಇಟ್ಟ. ಅಪ್ಪನಿಗೇನೂ ಆಗಿಲ್ಲ ಎಂದ. ಅರಿವೆ ಕಟ್ಟಿದವನು ತಾನು, ಆ ಹುಡುಗನ ಮುಂದೆ ನಾಚಿಕೆಯಾಗಿ ನಿನ್ನ ಹೆಸರು ಹೇಳಿದೆ, ತಪ್ಪಾಯಿತು ಎಂದ. ನಾಳೆ ಶಿವಪುತ್ರನಿಗೂ ಹೇಳುತ್ತೇನೆ ಎಂದ. ಒಂದೇ ಉಸಿರಿನಲ್ಲಿ ಹೇಳಿದ್ದರಿಂದ ಕೊನೆಯ ಮಾತು ಕೇಳಿಸಿತೋ ಇಲ್ಲವೋ. ಆ ಕಡೆ ಕೂಸು ಸುಮ್ಮನಾಯಿತು.

“ಅಣ್ಣಾರ, ಇದನ್ನ ಹೇಳಾಕ ಇಷ್ಟ ಸಲ ಫೋನ್ ಹಚ್ಚೀರೇನ್ರಿ?” ಎಂದಳು ಉದ್ದವ್ವ. “ಸ್ಟೂಲ್ ಹಿಡದಾಕಿ ನಾನ ಅಲ್ಲೇನ್ರಿ.”

ಅವಳು ನಗುತ್ತಿದ್ದಳೋ, ದನಿ ಅಷ್ಟು ದೂರದಿಂದ ಹಾಗೆ ಕೇಳಿಸಿತೋ. ಆಮೇಲೆ, “ಅಪ್ಪಾರು ನೀರ ಕುಡದ್ರೇನ್ರಿ?” ಎಂದಳು.

ಅಷ್ಟರಲ್ಲಿ ಫೋನು ಕಟ್ಟಾಯಿತು. ದಿಂಬಿನ ಮೇಲಿಂದ ಅದನ್ನು ಎತ್ತುವಾಗ ಪರದೆಯ ಮೇಲೆ ಹೊತ್ತು ಕಂಡಿತು, ಆರೂ ನಲವತ್ತೊಂಬತ್ತು. ಕಿಟಕಿಯ ಗಾಜಿನಾಚೆ ಎದುರು ಗೋಡೆಯ ತುದಿಯ ಇಟ್ಟಿಗೆಯಲ್ಲೂ ಬಿಸಿಲಿರಲಿಲ್ಲ. ಬೆಳಕು ಇತ್ತು, ಸೂರ್ಯನಿರಲಿಲ್ಲ. ಪೆಟ್ಟಿಗೆಯ ಫ್ಯಾನು ಹತ್ತು ತಿಂಗಳ ಮೇಲೆ ಸಲೀಸಾಗಿ ತಿರುಗುತ್ತಿತ್ತು, ಕೋಣೆಯ ಟ್ಯೂಬ್‌ಲೈಟಿಗೆ ಮೊದಲ ಹುಳಗಳು ಗಾಜಿನ ಹೊರಗೆ ಬಂದು ಕೂತಿದ್ದವು. ಅಭಿನಂದನ ಅಪ್ಪನ ಕಡೆ ತಿರುಗಿದ. ಅಪ್ಪನ ತುಟಿ ತೆರೆದಿತ್ತು.

ಬಿಗಿದ ಎಡಗಡೆಯ ತುಟಿ ಸಡಿಲಾಗಿ, ಒಳಗೆ ಒಣಗಿ ಬಿಳುಪಾದ ನಾಲಿಗೆ ಕಾಣುತ್ತಿತ್ತು. ಕಣ್ಣು ಅವನ ಮೇಲಿತ್ತು. ಮಧ್ಯಾಹ್ನದ ಕಣ್ಣು ಅದಲ್ಲ. ಅವನು ಚಮಚೆಯಲ್ಲಿ ನೀರು ತುಂಬಿ ತುಟಿಯ ತನಕ ತಂದ. ಅಲ್ಲಿ ಕೈ ನಿಂತಿತು. ಬಾಯಿ ತೆರೆದದ್ದು ನೀರಿಗೋ, ಮಾತಿಗೋ, ಅಥವಾ ಬಿಗಿದು ಬಿಗಿದು ದಣಿದ ತುಟಿ ತಾನಾಗಿ ಬಿಟ್ಟುಕೊಂಡಿತೋ? ಎಪ್ಪತ್ತೆಂಟು ವರ್ಷದ ನೇಮವನ್ನು ಅಪ್ಪ ಇವತ್ತು ಬಿಟ್ಟರೋ, ಅಥವಾ ಹೊತ್ತು ಮುಳುಗಿದ್ದು ಅಪ್ಪನಿಗೆ ಗೊತ್ತೇ ಆಗಿಲ್ಲವೋ? ಹಾಸಿಗೆಯಿಂದ ಎದುರು ಗೋಡೆ ಕಾಣುವುದಿಲ್ಲ. ಗಡಿಯಾರ ಇರುವುದು ಅವರ ತಲೆಯ ಹಿಂದೆ. ಹೇಳದೆ ಕುಡಿಸಿದರೆ ಇದು ಇವತ್ತಿನ ಎರಡನೆಯ ಸುಳ್ಳು. ಹೇಳಿದರೆ ಆ ಬಾಯಿ ಬೆಳಗಿನ ತನಕ ಮುಚ್ಚುತ್ತದೆ. ಬಾಗಿಲಲ್ಲಿ ತ್ರಿಶಲಾ ಬಂದು ನಿಂತದ್ದು ತಿಳಿಯಿತು.

“ಅಪ್ಪಾ,” ಎಂದ ಅಭಿನಂದನ. “ಹೊತ್ತ ಮುಳಗೇತಿ. ಕುಡಸ್ಲೇನು?”

ಅಪ್ಪನ ಬಾಯಿ ಮುಚ್ಚಲಿಲ್ಲ. ತಲೆಯೂ ಅಲುಗಲಿಲ್ಲ. ಕೋಣೆ ತಣ್ಣಗಿತ್ತು. ಅವನು ಚಮಚೆ ಹಿಡಿದು ಕೂತೇ ಇದ್ದ, ಚಮಚೆ ವಾಲಿ ನೀರು ಹನಿ ಹನಿಯಾಗಿ ಹೊದಿಕೆಯ ಮೇಲೆ ಬಿದ್ದು ಬರಿದಾಗುವ ತನಕ. ಆಮೇಲೆ ಮತ್ತೆ ತುಂಬಿಕೊಂಡ.